ಬ್ರಿಟನ್ನಿನ ಗ್ರಾಮೀಣ ಶಿಬಿರವಾಸ

ಬ್ರಿಟನ್ನಿನ ಗ್ರಾಮೀಣ ಶಿಬಿರವಾಸ ಎಂದರೆ ಇಂಗ್ಲೆಂಡ್, ವೇಲ್ಸ್ ಹಾಗೂ ಸ್ಕಾಟ್ಲೆಂಡ್‌ಗಳ ಹಳ್ಳಿಗಾಡು, ಬೆಟ್ಟಸೀಮೆ ಮತ್ತು ಕಡಲತೀರಗಳಲ್ಲಿ ವಿರಾಮಕ್ಕಾಗಿ ಡೇರೆ ಹಾಕಿಕೊಂಡು ಒಂದೆರಡು ರಾತ್ರಿ ಅಥವಾ ಕೆಲವು ದಿನಗಳನ್ನು ಕಳೆಯುವ ಪದ್ಧತಿ. ಕನ್ನಡದಲ್ಲಿ ಬಳಕೆಯಲ್ಲಿರುವ 'ಕ್ಯಾಂಪು' ಎಂಬ ಪದವು ಅಧಿಕಾರಿಗಳು ಪ್ರವಾಸದಲ್ಲಿ ತಂಗುವುದನ್ನೂ ದಂಡಿನ ನೆಲೆಯನ್ನೂ ಸೂಚಿಸುತ್ತದೆ. ಇಲ್ಲಿ ವಿವರಿಸಿರುವುದು ಅವೆರಡಕ್ಕಿಂತ ಭಿನ್ನವಾದ, ಜನಸಾಮಾನ್ಯರು ರಜೆಯ ದಿನಗಳಲ್ಲಿ ಕೈಗೊಳ್ಳುವ ಬಿಡಾರವನ್ನು. ಇದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹವ್ಯಾಸವಾಗಿ ರೂಪುಗೊಂಡು, ಇಪ್ಪತ್ತನೆಯ ಶತಮಾನದಲ್ಲಿ ಕುಟುಂಬಗಳ ಬೇಸಗೆ ರಜೆಯ ಭಾಗವಾಯಿತು.

ಈ ಶಿಬಿರವಾಸದಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದು ರೈತರ ಹೊಲದಲ್ಲೋ ಸಂಘಸಂಸ್ಥೆಗಳ ಜಾಗದಲ್ಲೋ ಬಾಡಿಗೆ ಕೊಟ್ಟು ತಂಗುವ ಶಿಬಿರತಾಣ. ಎರಡನೆಯದು ಯಾವ ಸೌಕರ್ಯವೂ ಇಲ್ಲದ ಬೆಟ್ಟಬಯಲಿನಲ್ಲಿ, ಬೆನ್ನಮೇಲೆ ಹೊತ್ತು ತಂದ ಡೇರೆಯಲ್ಲಿ ರಾತ್ರಿ ಕಳೆಯುವ ಕ್ರಮ. 'ವೈಲ್ಡ್ ಕ್ಯಾಂಪಿಂಗ್' ಎಂದು ಕರೆಯಲಾಗುವ ಇದನ್ನು ಈ ಲೇಖನದಲ್ಲಿ ಬಯಲು ಬಿಡಾರ ಎಂದು ಹೆಸರಿಸಲಾಗಿದೆ. ಬಹುಪಾಲು ಭೂಮಿಗೆ ಖಾಸಗಿ ಒಡೆಯರಿರುವ ದೇಶದಲ್ಲಿ, ಭೂಮಿಯಿಲ್ಲದ ವ್ಯಕ್ತಿಯು ಆಕಾಶದ ಕೆಳಗೆ ಒಂದು ರಾತ್ರಿ ಮಲಗಲು ಯಾರ ಅಪ್ಪಣೆ ಬೇಕು ಎಂಬ ಪ್ರಶ್ನೆ ಈ ಹವ್ಯಾಸದ ಇತಿಹಾಸದ ಉದ್ದಕ್ಕೂ ಹರಿದುಬಂದಿದೆ. 2025ರಲ್ಲಿ ಈ ಪ್ರಶ್ನೆಯು ದೇಶದ ಸರ್ವೋಚ್ಚ ನ್ಯಾಯಾಲಯದಲ್ಲಿಯೂ ತೀರ್ಮಾನಕ್ಕೆ ಬಂದಿತು.

ಭೂ ಒಡೆತನದ ಹಿನ್ನೆಲೆ

ಹೊರಗಿನಿಂದ ಬಂದವರಿಗೆ ಇಂಗ್ಲೆಂಡಿನ ಬೋಳುಗುಡ್ಡಗಳು, ಜೌಗುನೆಲಗಳು ಯಾರಿಗೂ ಸೇರದ ಭೂಮಿಯಂತೆ ತೋರುತ್ತವೆ. ವಾಸ್ತವದಲ್ಲಿ ಅವಕ್ಕೆಲ್ಲ ಒಡೆಯರಿದ್ದಾರೆ. 'ಕಾಮನ್' ಎಂದು ಕರೆಯಲಾಗುವ ಮೇವಿನ ಬಯಲುಗಳು ಕರ್ನಾಟಕದ ಓದುಗರಿಗೆ ಗೋಮಾಳವನ್ನು ನೆನಪಿಸಬಹುದಾದರೂ ಇವೆರಡೂ ಒಂದೇ ಅಲ್ಲ. ಗೋಮಾಳವು ಸರ್ಕಾರದ ಭೂಮಿ. ಕಾಮನ್ ಎಂಬುದು ಸಾಮಾನ್ಯವಾಗಿ ಒಬ್ಬ ಭೂಮಾಲೀಕನ ಅಥವಾ ಸಂಸ್ಥೆಯ ಸ್ವತ್ತು. ಸುತ್ತಲಿನ ಕೆಲವು ಹಿಡುವಳಿದಾರರಿಗೆ ಅಲ್ಲಿ ಕುರಿ, ದನ, ಕುದುರೆಗಳನ್ನು ಮೇಯಿಸುವಂಥ ಪರಂಪರಾಗತ ಹಕ್ಕುಗಳಿರುತ್ತವೆ. ಇಂತಹ ಬಯಲುಗಳಲ್ಲಿಯೂ ಬಹಳಷ್ಟು ಬೇಲಿಯೊಳಗೆ ಸೇರಿಹೋದವು. 1604ರಿಂದ 1914ರ ನಡುವೆ ಬ್ರಿಟಿಷ್ ಸಂಸತ್ತು 5,200ಕ್ಕೂ ಹೆಚ್ಚು ಆವರಣ ಮಸೂದೆಗಳನ್ನು ಅಂಗೀಕರಿಸಿ, ಸುಮಾರು 68 ಲಕ್ಷ ಎಕರೆ ಭೂಮಿಗೆ ಬೇಲಿ ಹಾಕಲು ಅನುವು ಮಾಡಿಕೊಟ್ಟಿತು. ಇಂದು ಪ್ರವಾಸಿಗರು ಮೆಚ್ಚಿ ಚಿತ್ರ ತೆಗೆಯುವ ಹಸಿರು ಬೇಲಿಸಾಲುಗಳಲ್ಲಿ ಮತ್ತು ಕಲ್ಲುಗೋಡೆಗಳಲ್ಲಿ ಎಷ್ಟೋ ಆ ಕಾಲದ ಗುರುತುಗಳೇ ಆಗಿವೆ.

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಪರರ ಭೂಮಿಯನ್ನು ಅಪ್ಪಣೆಯಿಲ್ಲದೆ ಪ್ರವೇಶಿಸುವುದು ಸಾಮಾನ್ಯವಾಗಿ ಅಪರಾಧವಲ್ಲ, ಸಿವಿಲ್ ತಪ್ಪು ಮಾತ್ರ. ಒಡೆಯನು ಹೊರಡಲು ಹೇಳಬಹುದು, ಹೊರಡದಿದ್ದರೆ ನ್ಯಾಯಾಲಯಕ್ಕೆ ಹೋಗಬಹುದು. ಅತಿಕ್ರಮಿಸಿದವರನ್ನು ಶಿಕ್ಷೆಗೆ ಗುರಿಪಡಿಸಲಾಗುವುದು ಎಂದು ಹಳೆಯ ಹಲಗೆಗಳ ಮೇಲೆ ಬರೆದಿರುವುದರಲ್ಲಿ ಕಾನೂನಿಗಿಂತ ಬೆದರಿಕೆಯೇ ಹೆಚ್ಚು.

ಹವ್ಯಾಸದ ಆರಂಭ

ಡೇರೆಯು ಸೈನಿಕರಿಗೂ ಅಲೆಮಾರಿಗಳಿಗೂ ಹಿಂದಿನಿಂದ ಪರಿಚಿತವಾಗಿದ್ದರೂ, ಸಂತೋಷಕ್ಕಾಗಿ ಡೇರೆಯಲ್ಲಿ ಮಲಗುವುದು ಬ್ರಿಟನ್ನಿನಲ್ಲಿ ಹೊಸದು. 1885ರಲ್ಲಿ ನೌಕಾಪಡೆಯ ನಿವೃತ್ತ ವೈದ್ಯರೂ ಲೇಖಕರೂ ಆಗಿದ್ದ ಗಾರ್ಡನ್ ಸ್ಟೇಬಲ್ಸ್ ಅವರು 'ದಿ ವಾಂಡರರ್' ಎಂಬ, ಕುದುರೆಗಳು ಎಳೆಯುವ ಮರದ ಮನೆಗಾಡಿಯನ್ನು ಮಾಡಿಸಿಕೊಂಡು ದಕ್ಷಿಣ ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನವರೆಗೆ ಪ್ರಯಾಣಿಸಿದರು. ವಿರಾಮಕ್ಕೆಂದೇ ನಿರ್ಮಿಸಿದ ಮೊದಲ ಕಾರವಾನ್ ಎಂದು ಇದನ್ನು ಪರಿಗಣಿಸಲಾಗುತ್ತದೆ. ಸುಮಾರು ಎರಡು ಟನ್ ತೂಕದ ಈ ಗಾಡಿ ಉಳ್ಳವರಿಗೆ ಮಾತ್ರ ಎಟುಕುವಂತಹದು.

ಸಾಮಾನ್ಯ ಜನರಿಗೆ ದಾರಿ ತೋರಿದವರು ಲಂಡನ್ನಿನ ದರ್ಜಿ ಥಾಮಸ್ ಹೈರಮ್ ಹೋಲ್ಡಿಂಗ್. ಬಾಲ್ಯದಲ್ಲಿ, 1853ರಲ್ಲಿ, ತಂದೆತಾಯಿಯರೊಂದಿಗೆ ಅಮೆರಿಕದ ಹುಲ್ಲುಬಯಲುಗಳನ್ನು ಗಾಡಿಗಳ ತಂಡದಲ್ಲಿ ದಾಟಿದ್ದ ಅವರಿಗೆ ಡೇರೆಯ ಬದುಕು ಹೊಸದಾಗಿರಲಿಲ್ಲ. ವೃತ್ತಿಯಿಂದ ಬಟ್ಟೆಯ ಗುಣವನ್ನು ಬಲ್ಲವರಾಗಿದ್ದರಿಂದ, ಬೈಸಿಕಲ್ಲಿನ ಮೇಲೆ ಸಾಗಿಸಬಹುದಾದಷ್ಟು ಹಗುರವಾದ ಡೇರೆಗಳನ್ನು ತಾವೇ ವಿನ್ಯಾಸಗೊಳಿಸಿದರು. ಐರ್ಲೆಂಡಿನ ಕನೆಮಾರಾದಲ್ಲಿ ಕೈಗೊಂಡ ಸೈಕಲ್ ಪ್ರವಾಸವನ್ನು ಕುರಿತ ಅವರ ಪುಸ್ತಕ 1898ರಲ್ಲಿ ಹೊರಬಂದಿತು. ಅದನ್ನು ಓದಿ ಆಸಕ್ತರಾದವರು ಸೇರಿ 1901ರಲ್ಲಿ ಸೈಕಲ್ ಶಿಬಿರವಾಸಿಗಳ ಸಂಘವನ್ನು ಸ್ಥಾಪಿಸಿದರು. ಇಂದಿನ ಕ್ಯಾಂಪಿಂಗ್ ಆ್ಯಂಡ್ ಕಾರವಾನಿಂಗ್ ಕ್ಲಬ್ ಬೆಳೆದುದು ಇದರಿಂದಲೇ. 1908ರಲ್ಲಿ ಪ್ರಕಟವಾದ ಹೋಲ್ಡಿಂಗ್ ಅವರ 'ದಿ ಕ್ಯಾಂಪರ್ಸ್ ಹ್ಯಾಂಡ್‌ಬುಕ್' ದೀರ್ಘಕಾಲ ಈ ಕ್ಷೇತ್ರದ ಆಧಾರಗ್ರಂಥವಾಗಿತ್ತು.

1907ರ ಆಗಸ್ಟ್ ತಿಂಗಳಲ್ಲಿ ರಾಬರ್ಟ್ ಬೇಡನ್-ಪೊವೆಲ್ ಅವರು ಡಾರ್ಸೆಟ್ ತೀರದ ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತರಷ್ಟು ಹುಡುಗರಿಗಾಗಿ ನಡೆಸಿದ ಶಿಬಿರ ಇನ್ನೊಂದು ಮಹತ್ವದ ಘಟ್ಟ. ಶ್ರೀಮಂತರ ವಸತಿಶಾಲೆಗಳ ಮಕ್ಕಳನ್ನೂ ದುಡಿಯುವ ಕುಟುಂಬಗಳ ಮಕ್ಕಳನ್ನೂ ಒಂದೇ ಡೇರೆಯಲ್ಲಿ ಮಲಗಿಸಿದ್ದು ಅಂದಿನ ಇಂಗ್ಲೆಂಡಿನ ಮಟ್ಟಿಗೆ ಸಣ್ಣ ಸಂಗತಿಯಾಗಿರಲಿಲ್ಲ. ಸ್ಕೌಟ್ ಚಳವಳಿ ಈ ಶಿಬಿರದಿಂದ ಹುಟ್ಟಿತು. ಎರಡೇ ವರ್ಷಗಳಲ್ಲಿ, 1909ರಲ್ಲಿ, ಕ್ಯಾಪ್ಟನ್ ಟಿ. ಎಚ್. ಬೇಕರ್ ಅವರು ಭಾರತದ ಮೊದಲ ಸ್ಕೌಟ್ ದಳವನ್ನು ಬೆಂಗಳೂರಿನಲ್ಲಿ ಆರಂಭಿಸಿದರು. ಆದರೆ ಅಲ್ಲಿ ಮೊದಮೊದಲು ಯುರೋಪಿಯನ್ ಹಾಗೂ ಆಂಗ್ಲೋ-ಇಂಡಿಯನ್ ಹುಡುಗರಿಗಷ್ಟೇ ಪ್ರವೇಶವಿತ್ತು. ವರ್ಗಭೇದವನ್ನು ಡೇರೆಯಿಂದ ಹೊರಗಿಟ್ಟ ಚಳವಳಿಯು ವರ್ಣಭೇದವನ್ನು ಹೊರಗಿಡಲು ಇನ್ನಷ್ಟು ಕಾಲ ತೆಗೆದುಕೊಂಡಿತು.

ಈ ಮೊದಲ ಪೀಳಿಗೆಯವರಲ್ಲಿ ಮಿಲ್ಲಿಕನ್ ಡಾಲ್ಟನ್ (1867–1947) ಅವರ ಹೆಸರನ್ನೂ ಹೇಳಬೇಕು. ಲಂಡನ್ನಿನ ವಿಮಾ ಕಚೇರಿಯ ಗುಮಾಸ್ತಗಿರಿಯನ್ನು ಬಿಟ್ಟ ಅವರು ಲೇಕ್ ಡಿಸ್ಟ್ರಿಕ್ಟ್‌ನ ಬಾರೋಡೇಲ್ ಕಣಿವೆಯ ಗುಹೆಯೊಂದರಲ್ಲಿ ಬೇಸಗೆಗಳನ್ನು ಕಳೆಯುತ್ತ, ಹಗುರ ಡೇರೆಗಳನ್ನು ಹೊಲಿದು ಮಾರುತ್ತ, ಬಂದವರಿಗೆ ಬೆಟ್ಟ ಹತ್ತುವುದನ್ನು ಕಲಿಸುತ್ತಿದ್ದರು. ತಮ್ಮನ್ನು ಸಾಹಸದ ಪ್ರಾಧ್ಯಾಪಕ ಎಂದು ಕರೆದುಕೊಳ್ಳುತ್ತಿದ್ದರು.

ಕಾರ್ಮಿಕರು ಮತ್ತು ಬೆಟ್ಟಗಳು

ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಮ್ಯಾಂಚೆಸ್ಟರ್, ಶೆಫೀಲ್ಡ್ ಮುಂತಾದ ಕೈಗಾರಿಕಾ ನಗರಗಳ ದುಡಿಯುವ ಯುವಜನರು ಭಾನುವಾರಗಳಂದು ಹತ್ತಿರದ ಬೆಟ್ಟಗಳತ್ತ ಹೊರಡತೊಡಗಿದರು. ಕಾರ್ಖಾನೆಯ ಹೊಗೆಯಿಂದ ಒಂದು ದಿನದ ಬಿಡುಗಡೆ ಅವರಿಗೆ ಬೇಕಾಗಿತ್ತು. ಆದರೆ ಆ ಬೆಟ್ಟಗಳು ಗ್ರೌಸ್ ಎಂಬ ಹಕ್ಕಿಯ ಬೇಟೆಗಾಗಿ ಮೀಸಲಿಟ್ಟ ಜಮೀನ್ದಾರಿ ಸ್ವತ್ತುಗಳಾಗಿದ್ದು, ಕಾವಲುಗಾರರು ಬಂದವರನ್ನು ಅಟ್ಟುತ್ತಿದ್ದರು. 1932ರ ಏಪ್ರಿಲ್ 24ರಂದು ಬೆನ್ನಿ ರಾಥ್‌ಮನ್ ಎಂಬ ಯುವಕನ ನೇತೃತ್ವದಲ್ಲಿ ನೂರಾರು ಜನರು ಡರ್ಬಿಶೈರ್‌ನ ಕಿಂಡರ್ ಸ್ಕೌಟ್ ಪ್ರಸ್ಥಭೂಮಿಗೆ ಬಹಿರಂಗವಾಗಿ ನುಗ್ಗಿದರು. ಐವರಿಗೆ ಸೆರೆವಾಸವಾಯಿತು. ಸೆರೆಯ ಕಾರಣ ಅತಿಕ್ರಮಣವಾಗಿರಲಿಲ್ಲ, ಕಾವಲುಗಾರರೊಂದಿಗೆ ನಡೆದ ಘರ್ಷಣೆಯಾಗಿತ್ತು. ಆದರೂ ಶಿಕ್ಷೆಯ ಕಠೋರತೆಯೇ ಜನಾಭಿಪ್ರಾಯವನ್ನು ಅವರ ಕಡೆಗೆ ತಿರುಗಿಸಿತು.

1938ರ ಕಾಯಿದೆಯು ವೇತನಸಹಿತ ರಜೆಯ ತತ್ತ್ವಕ್ಕೆ ಮನ್ನಣೆ ನೀಡಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ಬಂದಿತು. 1951ರಲ್ಲಿ ಕಿಂಡರ್ ಸ್ಕೌಟನ್ನು ಒಳಗೊಂಡ ಪೀಕ್ ಡಿಸ್ಟ್ರಿಕ್ಟ್ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಬ್ರಿಟನ್ನಿನಲ್ಲಿ ರಾಷ್ಟ್ರೀಯ ಉದ್ಯಾನವೆಂದರೆ ಸರ್ಕಾರದ ವಶದಲ್ಲಿರುವ ಕಾಡು ಎಂದು ಭಾವಿಸಬಾರದು. ಅದರೊಳಗೆ ಊರುಗಳಿವೆ, ಹೊಲಗಳಿವೆ, ಖಾಸಗಿ ಎಸ್ಟೇಟುಗಳಿವೆ. 2000ದ ಕಾಯಿದೆಯು ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಬೆಟ್ಟಬಯಲುಗಳಲ್ಲಿ ಕಾಲ್ನಡಿಗೆಯ ಹಕ್ಕನ್ನು ವಿಸ್ತರಿಸಿತು. ಇಂಗ್ಲೆಂಡಿನ ಸುಮಾರು ಶೇಕಡ 8ರಷ್ಟು ಭೂಮಿ ಈ ಹಕ್ಕಿಗೆ ಒಳಪಡುತ್ತದೆ. ಆದರೆ ಡೇರೆ ಹಾಕುವುದನ್ನು ಅದೇ ಕಾಯಿದೆಯ ಅನುಸೂಚಿಯಲ್ಲಿ ಹೊರಗಿಡಲಾಗಿದೆ. ಹಗಲು ನಡೆಯಬಹುದು, ಇರುಳು ಮಲಗುವಂತಿಲ್ಲ ಎಂಬುದು ಇದರ ತಾತ್ಪರ್ಯ.

ಶಿಬಿರತಾಣಗಳು

ಶಿಬಿರವಾಸಿಗಳಲ್ಲಿ ಬಹುಪಾಲು ಜನರು ತಂಗುವುದು ಶಿಬಿರತಾಣಗಳಲ್ಲಿ. ಇವುಗಳ ಸ್ವರೂಪ ಬಹಳ ವ್ಯತ್ಯಾಸವುಳ್ಳದ್ದು. ಕಡಲತೀರದ ದೊಡ್ಡ ತಾಣಗಳಲ್ಲಿ ಅಂಗಡಿ, ಈಜುಕೊಳ, ಮಕ್ಕಳ ಆಟದ ಅಂಗಳ, ಕಾರವಾನುಗಳಿಗೆ ವಿದ್ಯುತ್ ಸಂಪರ್ಕ ಎಲ್ಲವೂ ಇರುತ್ತವೆ. ಇನ್ನೊಂದು ತುದಿಯಲ್ಲಿ ಕುರಿ ಸಾಕುವ ರೈತನ ಒಂದು ಹುಲ್ಲಿನ ಹೊಲ, ಮೂಲೆಯಲ್ಲೊಂದು ತಣ್ಣೀರಿನ ನಲ್ಲಿ, ಹಳೆಯ ಕೊಟ್ಟಿಗೆಯನ್ನೇ ಮಾರ್ಪಡಿಸಿದ ಶೌಚಾಲಯ, ಬಾಡಿಗೆ ಹಾಕಲು ಬಾಗಿಲ ಬಳಿ ಒಂದು ಡಬ್ಬಿ. ಹಳ್ಳಿಗಾಡಿನ ನಿಜವಾದ ಪರಿಚಯ ಎರಡನೆಯ ಬಗೆಯ ತಾಣಗಳಲ್ಲಿಯೇ ಹೆಚ್ಚು. ಬೆಳಿಗ್ಗೆ ಮೊಟ್ಟೆ, ಹಾಲು ರೈತನ ಮನೆಯಿಂದಲೇ ದೊರೆಯುವುದುಂಟು.

ಪ್ರತಿಯೊಂದು ಡೇರೆಗೂ ಗೊತ್ತುಮಾಡಿದ ಜಾಗವನ್ನು 'ಪಿಚ್' ಎನ್ನುತ್ತಾರೆ. ಬೆಂಕಿ ಹರಡದಂತೆ ಡೇರೆಗಳ ನಡುವೆ ಸಾಕಷ್ಟು ಅಂತರ ಬಿಡಬೇಕು. ರಾತ್ರಿ ಹತ್ತು ಅಥವಾ ಹನ್ನೊಂದರ ಅನಂತರ ನಿಶ್ಶಬ್ದ, ನಾಯಿಗಳಿಗೆ ಹಗ್ಗ, ಹುಲ್ಲನ್ನು ಸುಡುವಂತೆ ನೆಲದ ಮೇಲೆ ಬೆಂಕಿ ಹಾಕದಿರುವುದು, ದನಕರುಗಳು ತಪ್ಪಿಸಿಕೊಳ್ಳದಂತೆ ಗೇಟುಗಳನ್ನು ಮುಚ್ಚುವುದು ಸಾಮಾನ್ಯ ನಿಯಮಗಳು. ಸಾಲಾಗಿ ಪಾತ್ರೆ ತೊಳೆಯುವ ತೊಟ್ಟಿಗಳ ಬಳಿ ಅಪರಿಚಿತರು ಹವಾಮಾನದ ಬಗ್ಗೆ ಮಾತಿಗಿಳಿಯುವುದು ಇಲ್ಲಿನ ಅಲಿಖಿತ ಸಂಪ್ರದಾಯ. ಕಾಲ ಸಾಮಾನ್ಯವಾಗಿ ಈಸ್ಟರಿನಿಂದ ಅಕ್ಟೋಬರಿನವರೆಗೆ. ಶಾಲೆಗಳಿಗೆ ರಜೆಯಿರುವ ಆಗಸ್ಟಿನಲ್ಲಿ ಜನಸಂದಣಿ ಹೆಚ್ಚು.

ಹೊಲವೊಂದನ್ನು ಶಿಬಿರತಾಣ ಮಾಡುವುದಕ್ಕೆ ಕಾನೂನಿನ ಮಿತಿಗಳಿವೆ. 1936ರ ಸಾರ್ವಜನಿಕ ಆರೋಗ್ಯ ಕಾಯಿದೆಯ ಪ್ರಕಾರ ಸತತವಾಗಿ 42 ದಿನಗಳಿಗಿಂತ ಹೆಚ್ಚು, ಅಥವಾ ಹನ್ನೆರಡು ತಿಂಗಳಲ್ಲಿ ಒಟ್ಟು 60 ದಿನಗಳಿಗಿಂತ ಹೆಚ್ಚು ಕಾಲ ಡೇರೆಗಳಿಗೆ ಭೂಮಿಯನ್ನು ಬಳಸಿದರೆ ಸ್ಥಳೀಯ ಆಡಳಿತದ ಪರವಾನಗಿ ಬೇಕು. ಕಾರವಾನುಗಳಿಗೆ 1960ರ ಪ್ರತ್ಯೇಕ ಕಾಯಿದೆಯಿದೆ. ಇವುಗಳ ಜೊತೆಗೆ ಭೂಬಳಕೆಯ ಯೋಜನಾ ಅನುಮತಿಯ ಪ್ರಶ್ನೆ ಬೇರೆ. ಇಂಗ್ಲೆಂಡಿನಲ್ಲಿ ಹಿಂದೆ ವರ್ಷಕ್ಕೆ 28 ದಿನಗಳ ತಾತ್ಕಾಲಿಕ ಬಳಕೆಗೆ ಅನುಮತಿ ಬೇಕಿರಲಿಲ್ಲ. 2023ರ ಜುಲೈನಿಂದ ಈ ಅವಧಿಯನ್ನು 60 ದಿನಗಳಿಗೆ ಏರಿಸಿ, ಗರಿಷ್ಠ 50 ಪಿಚ್‌ಗಳ ಮಿತಿ ವಿಧಿಸಲಾಗಿದೆ. ಶೌಚಾಲಯ ಮತ್ತು ಕಸವಿಲೇವಾರಿಯ ವ್ಯವಸ್ಥೆಯೂ ಕಡ್ಡಾಯ. ಕುರಿ ಸಾಕಣೆಯ ಆದಾಯ ಸಾಲದ ಬೆಟ್ಟಸೀಮೆಯ ರೈತರಿಗೆ ಈ ಅರವತ್ತು ದಿನಗಳ ಬಾಡಿಗೆ ಆಸರೆಯಾಗಬಲ್ಲದು.

ಕೆಲವು ಮಾನ್ಯತೆ ಪಡೆದ ಸಂಘಗಳಿಗೆ ಕಾಯಿದೆಯಲ್ಲಿ ವಿನಾಯಿತಿಯಿದ್ದು, ಅವು ರೈತರ ಹೊಲಗಳಿಗೆ ತಾವೇ ಪ್ರಮಾಣಪತ್ರ ನೀಡಬಹುದು. ಕ್ಯಾಂಪಿಂಗ್ ಆ್ಯಂಡ್ ಕಾರವಾನಿಂಗ್ ಕ್ಲಬ್ಬಿನ ಇಂತಹ ಸಣ್ಣ ತಾಣಗಳು ಸಾವಿರಕ್ಕೂ ಹೆಚ್ಚಿವೆ. ಅಲ್ಲಿ ಸದಸ್ಯರಿಗೆ ಮಾತ್ರ ಅವಕಾಶವಿದ್ದು, ಒಂದು ಬಾರಿಗೆ ಐದು ಕಾರವಾನು ಮತ್ತು ಹತ್ತು ಡೇರೆಗಳನ್ನು ಮೀರುವಂತಿಲ್ಲ. ಲೇಕ್ ಡಿಸ್ಟ್ರಿಕ್ಟ್‌ನ ಗ್ರೇಟ್ ಲ್ಯಾಂಗ್‌ಡೇಲ್, ವಾಸ್ಡೇಲ್ ಮೊದಲಾದೆಡೆ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ತಾಣಗಳಿವೆ. ವಾಸ್ಡೇಲಿನಲ್ಲಿ ತಂಗುವವರಲ್ಲಿ ಹಲವರ ಗುರಿ ಇಂಗ್ಲೆಂಡಿನ ಅತ್ಯುನ್ನತ ಶಿಖರವಾದ, 978 ಮೀಟರ್ ಎತ್ತರದ ಸ್ಕಾಫೆಲ್ ಪೈಕ್.

ಬಯಲು ಬಿಡಾರ ಮತ್ತು ಅದರ ಹಕ್ಕು

ಬಯಲು ಬಿಡಾರದ ವಿಷಯದಲ್ಲಿ ಸ್ಕಾಟ್ಲೆಂಡಿನ ಕಾನೂನು ಉಳಿದ ಭಾಗಗಳಿಗಿಂತ ಉದಾರವಾದುದು. ಅಲ್ಲಿನ ಸಂಸತ್ತು ಅಂಗೀಕರಿಸಿದ 2003ರ ಭೂಸುಧಾರಣಾ ಕಾಯಿದೆಯು ಬಹುತೇಕ ಎಲ್ಲ ಭೂಮಿ ಮತ್ತು ಒಳನಾಡಿನ ಜಲಪ್ರದೇಶಗಳಿಗೆ ಜವಾಬ್ದಾರಿಯುತ ಪ್ರವೇಶದ ಹಕ್ಕನ್ನು ನೀಡಿದೆ. ಡೇರೆವಾಸವೂ ಇದರಲ್ಲಿ ಸೇರಿದೆ. ಇದಕ್ಕೆ ಪೂರಕವಾದ ನೀತಿಸಂಹಿತೆಯು ಹಗುರ ಡೇರೆ, ಸಣ್ಣ ಗುಂಪು, ಒಂದೇ ಜಾಗದಲ್ಲಿ ಎರಡು ಮೂರು ರಾತ್ರಿಗಳಿಗೆ ಸೀಮಿತವಾದ ವಾಸ ಎಂಬ ಮಾನದಂಡಗಳನ್ನು ಹೇಳುತ್ತದೆ. ಬೆಳೆಯಿರುವ ಹೊಲ, ದನಗಳಿರುವ ಆವರಣ, ಮನೆಗಳ ಸಮೀಪ ಡೇರೆ ಹಾಕಬಾರದು. ವಾಹನಗಳಲ್ಲಿ ಮಲಗುವುದು ಈ ಹಕ್ಕಿಗೆ ಸೇರಿಲ್ಲ. ಗ್ಲಾಸ್ಗೋ ನಗರಕ್ಕೆ ಹತ್ತಿರವಿರುವ ಲಾಕ್ ಲೋಮಂಡ್ ಸರೋವರದ ದಂಡೆಯಲ್ಲಿ ಕುಡಿತ, ಕಸ, ಮರ ಕಡಿಯುವುದು ಮಿತಿಮೀರಿದಾಗ 2011ರಲ್ಲಿ ಪೂರ್ವ ದಂಡೆಗೂ, 2017ರಲ್ಲಿ ಇನ್ನಷ್ಟು ಪ್ರದೇಶಗಳಿಗೂ ಉಪವಿಧಿಗಳನ್ನು ಅನ್ವಯಿಸಲಾಯಿತು. ಮಾರ್ಚ್ 1ರಿಂದ ಸೆಪ್ಟೆಂಬರ್ 30ರವರೆಗೆ ಅಲ್ಲಿ ಪರವಾನಗಿ ಅಗತ್ಯ. ಕೊಟ್ಟ ಹಕ್ಕನ್ನು ಕೆಲವರು ಕೆಡಿಸಿದರೆ ಅದರ ಬೆಲೆಯನ್ನು ಎಲ್ಲರೂ ತೆರಬೇಕಾಗುತ್ತದೆ ಎಂಬ ಮಾತಿಗೂ, ಕೆಲವರ ತಪ್ಪಿಗೆ ಎಲ್ಲರ ಹಕ್ಕನ್ನು ಕಿತ್ತುಕೊಳ್ಳಬಾರದೆಂಬ ಮಾತಿಗೂ ಈ ಸರೋವರವನ್ನೇ ಉದಾಹರಿಸಲಾಗುತ್ತದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಒಡೆಯನ ಅಪ್ಪಣೆಯಿಲ್ಲದೆ ಬಯಲು ಬಿಡಾರ ಹೂಡುವ ಸಾಮಾನ್ಯ ಹಕ್ಕಿಲ್ಲ. ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಬೆಟ್ಟದ ಮೇಲಿನ ಕೊನೆಯ ಕಲ್ಲುಗೋಡೆಗಿಂತ ಎತ್ತರದಲ್ಲಿ, ಸಂಜೆ ತಡವಾಗಿ ಡೇರೆ ಹಾಕಿ ಬೆಳಿಗ್ಗೆ ಬೇಗ ಹೊರಡುವವರನ್ನು ರೂಢಿಯಿಂದ ಸಹಿಸಿಕೊಳ್ಳಲಾಗುತ್ತದೆ. ಇದು ಸೌಜನ್ಯವೇ ಹೊರತು ಹಕ್ಕಲ್ಲ.

ಇದಕ್ಕೆ ಪ್ರಸಿದ್ಧ ಅಪವಾದ ನೈಋತ್ಯ ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿರುವ ಡಾರ್ಟ್‌ಮೂರ್. 954 ಚದರ ಕಿಲೋಮೀಟರ್ ವಿಸ್ತಾರದ ಈ ರಾಷ್ಟ್ರೀಯ ಉದ್ಯಾನದಲ್ಲಿ ಗ್ರಾನೈಟ್ ಬಂಡೆಗಳ ಗುಡ್ಡಗಳು, ಜೌಗುನೆಲ, ಅರೆಕಾಡು ಕುದುರೆಗಳ ಹಿಂಡುಗಳಿವೆ. 1960ರಿಂದ ನಡೆಯುತ್ತಿರುವ ಟೆನ್ ಟಾರ್ಸ್ ಎಂಬ ಕಾರ್ಯಕ್ರಮದಲ್ಲಿ ಹದಿಹರೆಯದ ವಿದ್ಯಾರ್ಥಿಗಳು ತಂಡಗಳಾಗಿ 35, 45 ಅಥವಾ 55 ಮೈಲಿಗಳನ್ನು ನಡೆದು, ನಡುವೆ ಒಂದು ರಾತ್ರಿ ಬಯಲಿನಲ್ಲೇ ಮಲಗುತ್ತಾರೆ. ಡಾರ್ಟ್‌ಮೂರ್ ಕಾಮನ್ಸ್ ಕಾಯಿದೆ, 1985ರ ಹತ್ತನೆಯ ಪ್ರಕರಣವು ಬಯಲಿನಲ್ಲಿ ವಿಹಾರಕ್ಕಾಗಿ ಕಾಲ್ನಡಿಗೆಯಿಂದಲೂ ಕುದುರೆಯ ಮೇಲೂ ಕಾಮನ್‌ಗಳನ್ನು ಪ್ರವೇಶಿಸುವ ಹಕ್ಕನ್ನು ಸಾರ್ವಜನಿಕರಿಗೆ ಕೊಟ್ಟಿದೆ. ಡೇರೆಯೂ ಇದರಲ್ಲಿ ಅಡಕವಾಗಿದೆ ಎಂದೇ ಎಲ್ಲರೂ ನಂಬಿದ್ದರು.

ಡಾರ್ಟ್‌ಮೂರಿನ ದಕ್ಷಿಣ ಭಾಗದಲ್ಲಿ ವಿಶಾಲ ಎಸ್ಟೇಟನ್ನು ಹೊಂದಿರುವ ದಂಪತಿಗಳು ಈ ನಂಬಿಕೆಯನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದರು. 2023ರ ಜನವರಿಯಲ್ಲಿ ಉಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ನಡೆಯುವುದು ವಿಹಾರ, ಆದರೆ ರಾತ್ರಿ ಮಲಗುವುದು ವಿಹಾರಕ್ಕೆ ಒದಗಿಸಿಕೊಂಡ ಅನುಕೂಲವಷ್ಟೇ, ಅದೇ ವಿಹಾರವಲ್ಲ ಎಂಬುದು ಅದರ ತರ್ಕ. ಕೆಲವೇ ದಿನಗಳಲ್ಲಿ ಸಾವಿರಾರು ಜನರು ಬಯಲಿಗೆ ಬಂದು ಪ್ರತಿಭಟಿಸಿದರು. ಉದ್ಯಾನದ ಪ್ರಾಧಿಕಾರವು ಭೂಮಾಲೀಕರೊಂದಿಗೆ ಮಾತುಕತೆ ನಡೆಸಿ, ಅವರ ಒಪ್ಪಿಗೆಯಿಂದ ಕೆಲವೆಡೆ ಡೇರೆಗೆ ಅವಕಾಶ ಪಡೆಯಬೇಕಾಯಿತು. ಹಕ್ಕಿನಿಂದ ಮಲಗುತ್ತಿದ್ದವರು ಅನುಗ್ರಹದಿಂದ ಮಲಗುವಂತಾದುದೇ ಜನರನ್ನು ಹೆಚ್ಚು ನೋಯಿಸಿತು.

ಅದೇ ವರ್ಷ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯವು ಈ ತೀರ್ಪನ್ನು ತಳ್ಳಿಹಾಕಿತು. ಬಯಲಿನಲ್ಲಿ ಕುಳಿತರೂ ಮಲಗಿದರೂ, ಮಳೆಗೆಂದು ಡೇರೆಯ ಬಾಗಿಲನ್ನು ಮುಚ್ಚಿಕೊಂಡರೂ ಅದು ಬಯಲು ವಿಹಾರವೇ ಎಂದು ಅದು ಅರ್ಥೈಸಿತು. ಸರ್ವೋಚ್ಚ ನ್ಯಾಯಾಲಯದ ಮುಂದೆ ವಾದ ಇನ್ನಷ್ಟು ಸೂಕ್ಷ್ಮವಾಯಿತು. 'ಕಾಲ್ನಡಿಗೆಯಿಂದಲೂ ಕುದುರೆಯ ಮೇಲೂ' ಎಂದು ಕಾಯಿದೆ ಹೇಳುವುದರಿಂದ ನಡಿಗೆ ಮತ್ತು ಕುದುರೆ ಸವಾರಿಗಳಿಗೆ ಮಾತ್ರ ಹಕ್ಕಿದೆ ಎಂದು ಭೂಮಾಲೀಕರು ವಾದಿಸಿದರು. ಈ ವ್ಯಾಖ್ಯಾನವನ್ನು ಒಪ್ಪಿದರೆ ಬುತ್ತಿ ಬಿಚ್ಚಿ ಉಣ್ಣುವುದೂ ಪ್ರಶ್ನಾರ್ಹವಾಗುತ್ತಿತ್ತು. 2025ರ ಮೇ 21ರಂದು ನ್ಯಾಯಾಲಯವು ಒಮ್ಮತದಿಂದ ಈ ವಾದವನ್ನು ತಿರಸ್ಕರಿಸಿತು. ಆ ಪದಗಳು ಹೇಗೆ ಬರಬೇಕೆಂಬುದನ್ನು ಹೇಳುತ್ತವೆಯೇ ಹೊರತು ಬಂದಮೇಲೆ ಯಾವ ವಿಹಾರ ಮಾಡಬೇಕೆಂಬುದನ್ನಲ್ಲ ಎಂದು ಅದು ತೀರ್ಮಾನಿಸಿತು. ಒಂದು ಉಪವಾಕ್ಯದ ಅನ್ವಯ ಹೇಗೆಂಬ ವ್ಯಾಕರಣದ ಪ್ರಶ್ನೆಯ ಮೇಲೆ ಒಂದು ಸೀಮೆಯ ಜನರ ಹಕ್ಕು ನಿಂತಿದ್ದ ಅಪರೂಪದ ಪ್ರಕರಣವಿದು. ಹಕ್ಕಿನ ಜೊತೆಗೆ ಉಪವಿಧಿಗಳೂ ಇವೆ: ರಸ್ತೆಯಿಂದ 100 ಮೀಟರಿನೊಳಗೆ ಡೇರೆ ಕೂಡದು, ಒಂದೇ ಜಾಗದಲ್ಲಿ ಸತತ ಎರಡು ರಾತ್ರಿಗಳಿಗಿಂತ ಹೆಚ್ಚು ಇರುವಂತಿಲ್ಲ, ಬೆಂಕಿ ಹಾಕುವಂತಿಲ್ಲ.

ಈ ತೀರ್ಪು ಡಾರ್ಟ್‌ಮೂರಿನ ಕಾಮನ್‌ಗಳಿಗೆ ಮಾತ್ರ ಅನ್ವಯಿಸುತ್ತದೆ.

ಅಲೆಮಾರಿ ಸಮುದಾಯಗಳು

ಜಿಪ್ಸಿ ಮತ್ತು ಟ್ರಾವೆಲರ್ ಸಮುದಾಯಗಳಿಗೆ ಗಾಡಿ ಮತ್ತು ಡೇರೆಗಳು ರಜೆಯ ವಿನೋದವಲ್ಲ, ಬದುಕಿನ ಕ್ರಮ. ವಿರಾಮದ ಕಾರವಾನಿಗೆ ಮಾದರಿಯಾದುದೂ ಇವರ ಗಾಡಿಗಳೇ. 1960ರ ಕಾಯಿದೆಯು ಕಾಮನ್‌ಗಳಲ್ಲಿ ಕಾರವಾನು ನಿಲ್ಲಿಸುವುದನ್ನು ತಡೆಯುವ ಅಧಿಕಾರವನ್ನು ಸ್ಥಳೀಯ ಆಡಳಿತಗಳಿಗೆ ಕೊಟ್ಟಿತು. ಪರಿಹಾರವಾಗಿ 1968ರ ಕಾಯಿದೆಯು ಅವರಿಗೆ ತಾಣಗಳನ್ನು ಒದಗಿಸುವ ಕರ್ತವ್ಯವನ್ನು ವಿಧಿಸಿದರೂ, 1994ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಆ ಕರ್ತವ್ಯವನ್ನು ತೆಗೆದುಹಾಕಲಾಯಿತು. 2022ರ ಕಾಯಿದೆಯು ಕೆಲವು ಸಂದರ್ಭಗಳಲ್ಲಿ ವಾಹನದೊಂದಿಗೆ ಪರರ ಭೂಮಿಯಲ್ಲಿ ವಾಸಿಸುವುದನ್ನು ಅಪರಾಧವನ್ನಾಗಿಸಿದೆ. ರಜೆಗೆಂದು ಬರುವವರಿಗೆ ಬಾಗಿಲು ತೆರೆಯುತ್ತ ಬಂದ ಕಾನೂನು ಇವರ ಪಾಲಿಗೆ ಮುಚ್ಚುತ್ತಲೇ ಬಂದಿರುವುದು ಗಮನಾರ್ಹ.

ಹವಾಮಾನ, ಸಲಕರಣೆ ಮತ್ತು ಅಪಾಯಗಳು

ಬ್ರಿಟನ್ನಿನಲ್ಲಿ ಪ್ರತ್ಯೇಕ ಮಳೆಗಾಲವಿಲ್ಲ, ವರ್ಷದ ಯಾವ ದಿನವಾದರೂ ಮಳೆ ಬರಬಹುದು. ಆದ್ದರಿಂದ ಡೇರೆಗೆ ಸಾಮಾನ್ಯವಾಗಿ ಎರಡು ಪದರಗಳಿರುತ್ತವೆ. ಹೊರಪದರ ಮಳೆಯನ್ನು ತಡೆದರೆ, ಒಳಪದರವು ಉಸಿರಿನ ತೇವ ಹನಿಗಟ್ಟಿ ಮಲಗಿದವರ ಮೇಲೆ ಬೀಳದಂತೆ ಕಾಪಾಡುತ್ತದೆ. ಹಿಂದಿನ ಹತ್ತಿಬಟ್ಟೆಯ ಭಾರವಾದ ಡೇರೆಗಳ ಜಾಗದಲ್ಲಿ ಈಗ ನೈಲಾನ್, ಪಾಲಿಯೆಸ್ಟರ್ ಬಟ್ಟೆ ಮತ್ತು ಬಾಗುವ ಅಲ್ಯೂಮಿನಿಯಂ ಕೋಲುಗಳು ಬಂದಿವೆ. ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ, ಸ್ಕಾಟ್ಲೆಂಡಿನ ಉತ್ತರದಲ್ಲಿ ಪೂರ್ಣ ಕತ್ತಲಾಗುವುದೇ ಇಲ್ಲ. ಅಲ್ಲಿನ ಪಶ್ಚಿಮ ಭಾಗದಲ್ಲಿ ಬೇಸಗೆಯ ಸಂಜೆಗಳಲ್ಲಿ ಮುತ್ತುವ 'ಮಿಜ್' ಎಂಬ ನೊರಜು ಹುಳುಗಳ ಕಾಟಕ್ಕೆ ಗಾಳಿಯಿರುವ ಜಾಗವನ್ನು ಆರಿಸಿಕೊಳ್ಳುವುದೇ ಉತ್ತಮ ಉಪಾಯ. ಹುಲ್ಲು ಮತ್ತು ಜರೀಗಿಡಗಳ ನಡುವಿನ ಉಣ್ಣೆಗಳಿಂದ ಲೈಮ್ ರೋಗ ಹರಡಬಹುದಾದ್ದರಿಂದ ದಿನವೂ ಮೈಯನ್ನು ಪರೀಕ್ಷಿಸಿಕೊಳ್ಳಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯವು ಚಳಿಗೆಂದು ಕೆಂಡದ ಒಲೆಯನ್ನು ಡೇರೆಯೊಳಗೆ ತಂದುಕೊಳ್ಳುವುದು. ಆರಿದಂತೆ ಕಾಣುವ ಇದ್ದಿಲಿನಿಂದಲೂ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಹೊರಬರುತ್ತಿದ್ದು, ನಿದ್ರೆಯಲ್ಲಿಯೇ ಜನರು ಸತ್ತ ಉದಾಹರಣೆಗಳಿವೆ. ನೆಲದ ಮೇಲಿನ ಬೆಂಕಿಯೂ ಅಷ್ಟೇ ಅನಾಹುತಕಾರಿ. ಬೆಟ್ಟಸೀಮೆಯ ಪೀಟ್ ಮಣ್ಣು ಕೊಳೆತ ಸಸ್ಯಗಳಿಂದಾದುದು. ಒಣಗಿದಾಗ ಅದಕ್ಕೆ ಬೆಂಕಿ ತಗುಲಿದರೆ ನೆಲದಡಿಯಲ್ಲಿ ಹಲವು ದಿನ ಉರಿಯುತ್ತಿರುತ್ತದೆ. 2020ರಲ್ಲಿ ಕೊರೊನಾ ನಿರ್ಬಂಧಗಳು ಸಡಿಲವಾದಾಗ ಹಳ್ಳಿಗಾಡಿಗೆ ಬಂದ ಜನಪ್ರವಾಹವು ಹಲವೆಡೆ ಡೇರೆಗಳನ್ನೇ ಕಸವಾಗಿ ಬಿಟ್ಟುಹೋಯಿತು.

ಸಾಹಿತ್ಯ ಮತ್ತು ಚಲನಚಿತ್ರ

ಜೆರೋಮ್ ಕೆ. ಜೆರೋಮ್ ಅವರ 'ತ್ರೀ ಮೆನ್ ಇನ್ ಎ ಬೋಟ್' (1889) ಮಳೆಯಲ್ಲಿ ಡೇರೆ ಕಟ್ಟುವ ಪಾಡನ್ನು ಹಾಸ್ಯದ ವಸ್ತುವಾಗಿಸಿದ ಪ್ರಸಿದ್ಧ ಕೃತಿ. ಮೈಕ್ ಲೀ ನಿರ್ದೇಶಿಸಿದ ಬಿಬಿಸಿಯ 'ನಟ್ಸ್ ಇನ್ ಮೇ' (1976) ನಾಟಕವು ಡಾರ್ಸೆಟ್‌ನ ಶಿಬಿರತಾಣವೊಂದರಲ್ಲಿ ನಿಯಮನಿಷ್ಠ ದಂಪತಿಗಳು ಮತ್ತು ಗದ್ದಲದ ನೆರೆಯವರ ನಡುವಿನ ಜಗಳವನ್ನು ಚಿತ್ರಿಸುತ್ತದೆ. 1969ರ 'ಕ್ಯಾರಿ ಆನ್ ಕ್ಯಾಂಪಿಂಗ್' ಚಲನಚಿತ್ರದ ಕಥೆ ಬೇಸಗೆಯದಾದರೂ, ಚಿತ್ರೀಕರಣ ನಡೆದದ್ದು ಪೈನ್‌ವುಡ್ ಸ್ಟುಡಿಯೋದ ತೋಟದಲ್ಲಿ, ಶರತ್ಕಾಲದ ಚಳಿಯಲ್ಲಿ. ಹುಲ್ಲುಗಾವಲಿನಂತೆ ಕಾಣಲೆಂದು ಅಲ್ಲಿನ ಕೆಸರಿಗೆ ಹಸಿರು ಬಣ್ಣ ಬಳಿಯಲಾಗಿತ್ತು.